ಸುಳ್ಳು ಪ್ಲೇಟಿನ ಬೇಸಿಗೆ

ಹೋದ ತಿಂಗಳು ಹುಳಿಯಾರಿಗೆ ಒಂದು ಮದುವೆಗೆ ಹೋಗಿದ್ದೆ. ಛತ್ರದಿಂದ ಬಸ್‌ಸ್ಟ್ಯಾಂಡಿಗೆ ನಡೆದು ಬರುವಾಗ ಪಕ್ಕದ ಗಲ್ಲಿಯಿಂದ ಸುಟ್ಟ ವಾರ್ನಿಷ್ ವಾಸನೆ ಬಂತು. ಮೋಟಾರಿನೊಳಗಿನ ತಂತಿ ಸುಟ್ಟಾಗ ಬರುವ ವಾಸನೆ ಅದು. ಕಮಟು ಕೊಬ್ಬರಿಯನ್ನು ಬೆಂಕಿಗೆ ಹಾಕಿದ ಹಾಗಿರುತ್ತದೆ, ಗಂಟಲಿಗೆ ಅಂಟಿಕೊಳ್ಳುತ್ತದೆ. ಜೊತೆಯಲ್ಲಿದ್ದವರು ಸೆರಗನ್ನು ಮೂಗಿಗೆ ಒತ್ತಿಕೊಂಡು ಮುಂದೆ ಹೋದರು. ನಾನು ನಿಂತುಬಿಟ್ಟೆ. ಗಲ್ಲಿಯೊಳಗೆ ಒಬ್ಬಾತ ಮೋಟಾರೊಂದನ್ನು ಕಾಲ ನಡುವೆ ಇಟ್ಟುಕೊಂಡು ಸುಟ್ಟ ತಂತಿಯ ಕಾಯಿಲನ್ನು ಕಡಿದು ಎಳೆಯುತ್ತಿದ್ದ. ಎಳೆಯುವ ಕ್ರಮ ತಪ್ಪಾಗಿತ್ತು. ಹೇಳೋಣವೆಂದು ಬಾಯಿ ತೆರೆದೆ, ಮತ್ತೆ ಮುಚ್ಚಿಕೊಂಡೆ. ಹೇಳಬೇಕಾದ ಹೊತ್ತಿನಲ್ಲಿ ಬಾಯಿ ಮುಚ್ಚಿಕೊಳ್ಳುವುದು ನನ್ನ ಹಳೆಯ ಚಾಳಿ. ಒಂದು ಬೇಸಿಗೆ ಅದರಿಂದಲೇ ಹಾಳಾಯಿತು. ಅದನ್ನೇ ಬರೆಯುತ್ತಿದ್ದೇನೆ.

ನಾನು ಓದಿದ್ದು ಏಳನೇ ಕ್ಲಾಸಿನವರೆಗೆ. ಅಪ್ಪನಿಗೆ ತಿಪಟೂರಿನಲ್ಲಿ, ಕೊಬ್ಬರಿ ಮಂಡಿಗಳ ಹಿಂದಿನ ರಸ್ತೆಯಲ್ಲಿ, ಮೋಟಾರ್ ವೈಂಡಿಂಗ್ ಅಂಗಡಿ ಇತ್ತು. ಸುಟ್ಟ ಪಂಪ್‌ಸೆಟ್ಟಿನ ಮೋಟಾರು ಬಿಚ್ಚಿ, ಹಳೆಯ ತಂತಿ ಕಿತ್ತು, ಹೊಸ ತಾಮ್ರದ ತಂತಿ ಸುತ್ತಿ ಕೊಡುವ ಕೆಲಸ. ಅಪ್ಪನ ಕೈ ನಡುಗಲು ಶುರುವಾದಾಗ ನನ್ನನ್ನು ಶಾಲೆ ಬಿಡಿಸಿದರು. ನನ್ನ ಬೆರಳು ತೆಳ್ಳಗಿದ್ದವು, ಇಕ್ಕಟ್ಟಾದ ಸಂದಿಗೂ ಕಾಯಿಲು ಕೂರಿಸುತ್ತಿದ್ದವು. ಹತ್ತು ಹದಿನೈದು ವರ್ಷದಲ್ಲಿ ಸುತ್ತಿನ ತೋಟಗಳಿಗೆಲ್ಲ ನಾನು ವೈಂಡಿಂಗ್ ಗಂಗಕ್ಕ ಆದೆ. ತಂಗಿ ಉಮ ಓದಿದಳು. ತುಮಕೂರಿನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದಳು. ಅವಳು ಓದಿದ್ದಕ್ಕೆ ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ಸ್ವಲ್ಪ ಇತ್ತು.

ತೊಂಬತ್ತರ ದಶಕ ಮುಗಿಯುವ ಹೊತ್ತಿನ ಬೇಸಿಗೆ. ತೆಂಗಿಗೆ ನುಸಿ ಹತ್ತಿ, ಎಳೆಗಾಯಿಯ ಮೈಯೆಲ್ಲ ಸುಟ್ಟ ಗಾಯದ ಹಾಗೆ ಬಿರುಕು ಬಿಟ್ಟಿತ್ತು. ಬಾವಿಗಳು ಬತ್ತಿ ಎಲ್ಲರೂ ಬೋರು ಕೊರೆಸುತ್ತಿದ್ದರು. ಕರೆಂಟು ದಿನಕ್ಕೆ ಕೆಲವೇ ಗಂಟೆ, ಅದೂ ಪಾಳಿಯ ಮೇಲೆ. ಪಂಪ್‌ಸೆಟ್ಟು ಓಡಿಸುವ ತ್ರೀಫೇಸ್ ಬಂತೆಂದರೆ ಎಲ್ಲ ತೋಟದಲ್ಲೂ ಒಟ್ಟಿಗೆ ಸ್ಟಾರ್ಟರ್ ಒತ್ತುತ್ತಿದ್ದರು. ಆಗ ಲೈನಿನ ಕೊನೆಯಲ್ಲಿದ್ದವರ ಮೋಟಾರು ಗುಂಯ್ ಎಂದು ನರಳಿ, ತಿರುಗಲಾರದೆ, ಸುಟ್ಟು ಹೋಗುತ್ತಿತ್ತು. ಸುಟ್ಟದ್ದು ನಮ್ಮ ಅಂಗಡಿಗೆ ಬರುತ್ತಿತ್ತು. ಆ ಬೇಸಿಗೆಯಷ್ಟು ಕೆಲಸ ನಮ್ಮ ಅಂಗಡಿ ಯಾವತ್ತೂ ಕಂಡಿರಲಿಲ್ಲ.

ಅದೇ ಬೇಸಿಗೆ ಉಮ ಕೆಲಸದ ಮೇಲೆ ಊರಿಗೆ ಬಂದಳು. ವಿದ್ಯುತ್ ಇಲಾಖೆಯವರು ಚಿಕ್ಕನಾಯಕನಹಳ್ಳಿ ಕಡೆಗೆ ಹೋಗುವ ಒಂದು ಫೀಡರ್ ಲೈನಿನ ಅಧ್ಯಯನವನ್ನು ಖಾಸಗಿ ಕಂಪನಿಯೊಂದಕ್ಕೆ ಕೊಟ್ಟಿದ್ದರು. ಆ ಕಂಪನಿಯಲ್ಲಿ ಅವಳಿಗೆ ಕೆಲಸ. ಕಂಪನಿಯವರು ತಿಪಟೂರಿನಲ್ಲಿ ಒಂದು ಮನೆಯ ಮುಂದಿನ ಕೋಣೆ ಬಾಡಿಗೆಗೆ ಹಿಡಿದು, ಕಂಪ್ಯೂಟರ್ ತಂದಿಟ್ಟರು. ಧೂಳು ಬೀಳದಂತೆ ಅದಕ್ಕೆ ಬಟ್ಟೆಯ ಗವಸು. ಒಳಗಿನ ಸಾಫ್ಟ್‌ವೇರನ್ನು ಬೇರೆ ಯಾರೂ ನಕಲು ಮಾಡದಂತೆ ಹಿಂಬದಿಗೆ ಬೆರಳುದ್ದದ ಒಂದು ಬೀಗದ ತುಂಡು ಚುಚ್ಚಬೇಕಿತ್ತು. ಅದಿಲ್ಲದಿದ್ದರೆ ಕಂಪ್ಯೂಟರ್ ಅವಳ ಕೆಲಸವನ್ನು ಬಾಯಿಗೇ ಹಾಕಿಕೊಳ್ಳುತ್ತಿರಲಿಲ್ಲ. ಉಮ ಅದನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದಳು. ಮೊದಲ ದಿನ ನೋಡಲು ಹೋದಾಗಲೇ ಕರೆಂಟು ಹೋಯಿತು. ಕರೆಂಟಿನ ಲೆಕ್ಕ ಹಾಕುವ ಮಿಷನ್ನಿಗೇ ಕರೆಂಟಿಲ್ಲವಲ್ಲ ಎಂದು ಪಕ್ಕದ ಹೋಟೆಲಿನವರು ಬೇಸಿಗೆಯುದ್ದಕ್ಕೂ ನಗುತ್ತಿದ್ದರು.

ಕರೆಂಟು ಬಂದ ಮೇಲೆ ತೋರಿಸಿದಳು. ಕಪ್ಪು ಪರದೆಯ ಮೇಲೆ ಒಂದು ದಪ್ಪ ಗೆರೆ, ಅದರಿಂದ ಕವಲುಗಳು, ಕವಲಿನ ತುದಿಗೆಲ್ಲ ಚುಕ್ಕೆಗಳು. ಗೆರೆ ಎಂದರೆ ಲೈನು. ಚುಕ್ಕೆ ಎಂದರೆ ಟಿಸಿ. ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಯಾವ ಗೆರೆಯ ತಂತಿ ಎಷ್ಟು ದಪ್ಪ, ಎಷ್ಟು ಉದ್ದ, ಯಾವ ಚುಕ್ಕೆಯ ಮೇಲೆ ಎಷ್ಟು ಮೋಟಾರಿನ ಹೊರೆ ಎಂದು ತುಂಬಿಸಿ ಒಂದು ಗುಂಡಿ ಒತ್ತಿದರೆ, ಅದು ಸ್ವಲ್ಪ ಹೊತ್ತು ಲೆಕ್ಕ ಹಾಕಿ ಪ್ರತಿ ಚುಕ್ಕೆಗೂ ಎಷ್ಟು ವೋಲ್ಟ್ ಮುಟ್ಟುತ್ತದೆಂದು ಹೇಳುತ್ತಿತ್ತು.

"ಕಾಲುವೆಗೆ ನೀರು ಬಿಟ್ಟಂಗೆ ಕಣಕ್ಕ," ಎಂದಳು ಉಮ. "ಮೇಲಿನ ತೋಟದೋರು ಎಷ್ಟು ತಿರುಗಿಸ್ಕೋತಾರೆ ಅಂತ ಗೊತ್ತಿದ್ರೆ, ಕಡೇ ಮಡಿಗೆ ಎಷ್ಟು ಬತ್ತದೆ ಅಂತ ಇಲ್ಲೇ ಕೂತು ಹೇಳಬೋದು."

ಇನ್ನೂ ಒಂದನ್ನು ತೋರಿಸಿದಳು. ಲೈನಿನ ಕೊನೆಯಲ್ಲಿ ಹೊಸ ಸಬ್‌ಸ್ಟೇಷನ್ ಒಂದನ್ನು ಪರದೆಯ ಮೇಲೇ ಇಟ್ಟಳು. ಮತ್ತೆ ಗುಂಡಿ ಒತ್ತಿದಳು. ತುದಿಯ ಅಂಕಿಗಳೆಲ್ಲ ಮೇಲೆದ್ದವು. ಒಂದು ಕಂಬ ನೆಡದೆ, ಒಂದು ಗುಂಡಿ ತೋಡದೆ, ನಾಳೆಯನ್ನು ಇವತ್ತೇ ನೋಡಿದಂತಾಯಿತು. ಅವಳ ಮುಖ ಬೆಳಗುತ್ತಿತ್ತು. ನನಗೆ ಆ ಖುಷಿಯೂ ಅರ್ಥವಾಯಿತು, ಆ ಕೆಲಸದ ತೂಕವೂ ಅರ್ಥವಾಯಿತು. ಇಲಾಖೆ ಆ ವರ್ಷ ಹೊಸ ಸಬ್‌ಸ್ಟೇಷನ್ ಕೊಡುವುದೋ ಇಲ್ಲವೋ ಎಂಬುದು ಈ ಲೆಕ್ಕದ ಮೇಲೆ ನಿಂತಿತ್ತು. ಬೇಕೆಂದು ವರ್ಷಗಟ್ಟಲೆ ಕೇಳುತ್ತಿದ್ದವರು ಲೈನಿನ ತುತ್ತತುದಿಯ ಕರೇಕಲ್ ಹಟ್ಟಿಯವರು. ಕುರಿ ಸಾಕುವ ಜನ. ತೆಂಗು ತೆಳುವಾಗಿ ಬಯಲು ಶುರುವಾಗುವ ಕಡೆ ನಾಲ್ಕು ನಾಲ್ಕು ಸಸಿ ನೆಟ್ಟು, ಬೋರು ಹಾಕಿಸಿ, ತೋಟ ಎಬ್ಬಿಸಲು ಹೊರಟಿದ್ದರು. ಆ ಹಟ್ಟಿಯ ಚಿತ್ತಯ್ಯನ ಮೋಟಾರು ಆ ಬೇಸಿಗೆಯಲ್ಲಿ ನಮ್ಮ ಅಂಗಡಿಗೂ ಅವನ ಬೋರಿಗೂ ನೆಂಟರ ಮನೆ ತಿರುಗಿದ ಹಾಗೆ ತಿರುಗುತ್ತಿತ್ತು.

ಈಗ ಪ್ಲೇಟಿನ ವಿಷಯ ಹೇಳಬೇಕು.

ಪಂಪ್‌ಸೆಟ್ಟಿಗೆ ಮಂಜೂರಾತಿಯೂ ಬಿಲ್ಲೂ ಎಚ್‌ಪಿ ಲೆಕ್ಕದಲ್ಲಿ, ಅಂದರೆ ಮೋಟಾರಿನ ಶಕ್ತಿಯ ಲೆಕ್ಕದಲ್ಲಿ. ಎಚ್‌ಪಿ ಎಷ್ಟೆಂದು ಮೋಟಾರಿನ ಮೈಮೇಲಿನ ತಗಡಿನ ಪ್ಲೇಟು ಹೇಳುತ್ತದೆ. ನೀರು ಕೆಳಗಿಳಿದ ಹಾಗೆ ದೊಡ್ಡ ಮೋಟಾರು ಬೇಕಾಗುತ್ತದೆ, ಮಂಜೂರಾತಿ ಮಾತ್ರ ಹಳೆಯದೇ ಇರುತ್ತದೆ. ಹಾಗಾಗಿ ಏಳೂವರೆಯ ಮೋಟಾರಿಗೆ ಐದರ ಪ್ಲೇಟು, ಹತ್ತರದ್ದಕ್ಕೆ ಏಳೂವರೆಯ ಪ್ಲೇಟು. ಬೋರಿಗೆ ಇಳಿಸಿದ ಮೋಟಾರಾದರೆ ಸುಳ್ಳು ಪ್ಲೇಟನ್ನು ಪಂಪ್‌ಹೌಸಿನ ಹಲಗೆಗೆ ಹೊಡೆಯುತ್ತಿದ್ದೆವು. ನೆಲದೊಳಗಿರುವುದನ್ನು ಯಾರು ನೋಡುತ್ತಾರೆ? ಹೊಡೆಯುತ್ತಿದ್ದವಳು ನಾನು. ಆ ಲೈನಿನ ಮೇಲಿನ ಮುಕ್ಕಾಲು ಪಾಲು ಸುಳ್ಳು ಪ್ಲೇಟುಗಳ ರಿವೆಟ್ಟು ನನ್ನ ಸುತ್ತಿಗೆಯದು.

ಅದನ್ನು ನಾನು ಆಗ ಕಳ್ಳತನ ಎಂದುಕೊಂಡಿರಲಿಲ್ಲ. ಈಗಲೂ ಪೂರ್ತಿ ಹಾಗೆ ಅಂದುಕೊಂಡಿಲ್ಲ. ಕೊಡುತ್ತೇವೆಂದ ಕರೆಂಟು ಕೊಡದವರು, ಮಂಜೂರಾತಿಗೆ ಅರ್ಜಿ ಹಾಕಿದರೆ ವರ್ಷಗಟ್ಟಲೆ ಅಲೆದಾಡಿಸುವವರು, ರೈತ ಬಾಗಿಲಿಗೆ ಬಂದಾಗ ಮಾತ್ರ ಕಾನೂನು ಓದುತ್ತಾರೆ. ಒಣಗುವ ಮರ ಮಂಜೂರಾತಿಗೆ ಕಾಯುವುದಿಲ್ಲ. ಈ ಮಾತನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ನನ್ನ ತಪ್ಪು ಇಲ್ಲಿಲ್ಲ. ಮುಂದಿದೆ.

ಉಮಳಿಗೆ ಪ್ರತಿ ಟಿಸಿಯ ಮೇಲೆ ಎಷ್ಟು ಹೊರೆಯಿದೆ ಎಂದು ಬೇಕಿತ್ತು. ಲೈನ್‌ಮ್ಯಾನ್ ಜೊತೆ ಹೋದರೆ ತೋಟದವರು ಪಂಪ್‌ಹೌಸಿಗೆ ಬೀಗ ಹಾಕಿಕೊಂಡು ಮಾಯವಾಗುತ್ತಿದ್ದರು. ಎಣಿಸುವವರು ಬಂದರೆಂದರೆ ದಾಳಿ ಎಂದೇ ಅರ್ಥ. ಆಗ ಅವಳು ನನ್ನನ್ನು ಕರೆದಳು. ನಾನು ಹೋದರೆ ಯಾರೂ ಬಾಗಿಲು ಹಾಕುವುದಿಲ್ಲ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಇಳಿದು, ಕಂಬ ಹಿಡಿದು ನಡೆಯುತ್ತಿದ್ದೆವು. ಕಾಲ ಕೆಳಗೆ ಒಣ ಗರಿ ಮುರಿಯುವ ಸದ್ದು, ತಲೆಯ ಮೇಲೆ ತಂತಿ. ಚಿಕ್ಕವಳಿದ್ದಾಗ ಅವಳು ಅಂಗಡಿಯ ಮೂಲೆಯಲ್ಲಿ ಕೂತು ನನಗೆ ಪಾಠ ಓದಿ ಹೇಳುತ್ತಿದ್ದದ್ದು ಬಿಟ್ಟರೆ ನಾವಿಬ್ಬರೂ ಅಷ್ಟು ಹೊತ್ತು ಜೊತೆಗಿದ್ದದ್ದು ಅದೇ. ನಾವು ಹೋಗುವ ಹೊತ್ತಿಗೆ ಸಾಮಾನ್ಯವಾಗಿ ತ್ರೀಫೇಸ್ ಇರುತ್ತಿರಲಿಲ್ಲ. ನಿಂತ ಮೋಟಾರು ಎಷ್ಟು ಎಳೆಯುತ್ತದೆಂದು ಯಾವ ಮೀಟರೂ ಹೇಳುವುದಿಲ್ಲ. ಪ್ಲೇಟನ್ನೇ ನಂಬಬೇಕು.

ಮೊದಲ ತೋಟ ಪರಮೇಶಣ್ಣನದು. ದೂರದ ನೆಂಟ, ಅಪ್ಪನ ಹಳೆಯ ಗಿರಾಕಿ. ಎಳನೀರು ಕೆತ್ತಿ ಕೊಟ್ಟ. ಪಂಪ್‌ಹೌಸಿನ ಬಾಗಿಲು ತೆಗೆದ. ಒಳಗೆ ಕತ್ತಲೆ. ಉಮ ಹೊರಗೆ ನಿಂತು ಪೆನ್ನು ತೆಗೆದಳು.

"ಎಷ್ಟಕ್ಕಾ?"

ಆರು ತಿಂಗಳ ಹಿಂದೆ ಅದರ ತಂತಿ ಸುತ್ತಿದ್ದವಳು ನಾನೇ. ಅದು ಏಳೂವರೆ. ಪರಮೇಶಣ್ಣ ನನ್ನ ಮುಖ ನೋಡಿದ.

"ಐದು," ಎಂದೆ.

ಬಾಗಿಲು ಹಾಕುತ್ತಾ ಪರಮೇಶಣ್ಣ ಮೆಲ್ಲಗೆ, "ನಿಮ್ಮಪ್ಪನ ಮಗಳು ಕಣವ್ವ ನೀನು," ಎಂದ. ಅಪ್ಪ ಯಾವಾಗಲೂ ಹೇಳುತ್ತಿದ್ದದ್ದು ಒಂದೇ: ವೈಂಡಿಂಗ್ ಅಂಗಡಿಯವನು ಡಾಕ್ಟರಿದ್ದ ಹಾಗೆ, ಒಬ್ಬರ ಮೋಟಾರಿನ ಗುಟ್ಟು ಇನ್ನೊಬ್ಬರ ಕಿವಿಗೆ ಬೀಳಬಾರದು. ನನಗೆ ಹೆಮ್ಮೆಯೇ ಆಯಿತು. ಮುಂದಿನ ತೋಟದಲ್ಲೂ ಪ್ಲೇಟು ಓದಿದೆ, ಅದರ ಮುಂದಿನದರಲ್ಲೂ ಓದಿದೆ. ಲೈನು ಮುಗಿಯುವವರೆಗೂ ಓದಿದೆ. ನಾನು ಓದಿದ್ದು, ತಂಗಿ ಬರೆದುಕೊಂಡದ್ದು. ಕೊನೆಗೆ ಹಟ್ಟಿಯಲ್ಲಿ ಚಿತ್ತಯ್ಯನದು ಮೂರು ಎಂದು ಓದಿದೆ. ಅದು ನಿಜವಾಗಿಯೂ ಮೂರೇ ಆಗಿತ್ತು.

ಉಮ ಎಲ್ಲವನ್ನೂ ತುಂಬಿಸಿ ಗುಂಡಿ ಒತ್ತಿದಳು. ಹಟ್ಟಿಗೆ ಚೆನ್ನಾಗಿಯೇ ವೋಲ್ಟೇಜು ಮುಟ್ಟುತ್ತದೆ ಎಂದು ಕಂಪ್ಯೂಟರ್ ಹೇಳಿತು. ಸಬ್‌ಸ್ಟೇಷನ್ ಬೇಕಿಲ್ಲ. ಅವಳು ಹುಬ್ಬು ಗಂಟಿಕ್ಕಿದಳು. ತ್ರೀಫೇಸ್ ಇರುವ ಹೊತ್ತಿಗೆ ಮೀಟರು ಹಿಡಿದು ಹಟ್ಟಿಗೆ ಹೋಗಿ ನಿಂತಳು. ಅಲ್ಲಿ ಮುಳ್ಳು ಎಷ್ಟು ಕೆಳಗೆ ನಿಂತಿತ್ತೆಂದರೆ, ಮೀಟರೇ ಕೆಟ್ಟಿದೆಯೇನೋ ಎಂದು ಬೇರೆ ಮೀಟರು ತರಿಸಿದಳು. ಎರಡೂ ಒಂದೇ ಹೇಳಿದವು. ಚಿತ್ತಯ್ಯನ ಮನೆಯ ಬಲ್ಬಿನೊಳಗೆ ಒಂದು ಕೆಂಪು ದಾರ ಮಾತ್ರ ಕಾಣುತ್ತಿತ್ತಂತೆ.

ಅಲ್ಲಿಂದ ಅವಳು ಹಟ ಹಿಡಿದಳು. ಕಂಬದಿಂದ ಕಂಬಕ್ಕೆ ಮತ್ತೆ ಅಳೆದಳು. ತಂತಿಯ ದಪ್ಪ ಮತ್ತೆ ನೋಡಿದಳು. ಲೈನು ಹೊರಡುವ ಕಡೆಯ ಮೀಟರು ಕೆಟ್ಟು ಕೂತಿತ್ತು, ಅದರಿಂದಲೂ ಏನೂ ತಿಳಿಯಲಿಲ್ಲ. ಬಿಸಿಲಿಗೆ ಅವಳ ಮುಖ ಸುಟ್ಟು, ಮೂಗಿನ ಮೇಲಿನ ಚರ್ಮ ಸುಲಿಯಿತು. ಕಂಪನಿಯ ಮೇಲಿನವರು ಒಬ್ಬರು ಬಂದು, ಹಟ್ಟಿಯ ರೀಡಿಂಗನ್ನು ಬಿಟ್ಟುಬಿಡು, ಇಲಾಖೆಯ ದಾಖಲೆಗೂ ನೀನು ತಂದ ಅಂಕಿಗೂ ತಾಳೆಯಾಗುತ್ತಿದೆ, ವರದಿ ಮುಗಿಸು ಎಂದರು. ತಾಳೆಯಾಗದೆ ಏನು? ದಾಖಲೆಯನ್ನು ನೋಡಿಯೇ ನಾನು ಪ್ಲೇಟು ಹೊಡೆಯುತ್ತಿದ್ದದ್ದು.

ಒಂದು ಸಂಜೆ ಅವಳು ಅಂಗಡಿಗೆ ಬಂದು ನನ್ನ ಎದುರಿಗೆ ಮಣೆ ಹಾಕಿಕೊಂಡು ಕೂತಳು. ನಾನು ಕಾಯಿಲು ಕಟ್ಟುತ್ತಿದ್ದೆ.

"ಅಕ್ಕ, ಎಲ್ಲಾ ನೋಡಿದೆ. ಇನ್ನು ಉಳಿದಿರೋದು ಒಂದೇ. ಆ ಪ್ಲೇಟುಗಳು ನಿಜಾನಾ?"

ಅಪ್ಪ ಬೆಂಚಿನ ಮೇಲಿಂದ ಕೆಮ್ಮಿದರು. ನಾನು ತಲೆ ಎತ್ತಲಿಲ್ಲ.

"ನಿಜ ಕಣೇ. ನಂಗೊತ್ತಿಲ್ವಾ?"

"ಹಂಗಾದ್ರೆ ಸರಿ," ಎಂದಳು. ಎದ್ದು ಹೋದಳು. ಅವಳು ಎರಡನೇ ಸಲ ಕೇಳಲಿಲ್ಲ. ಅದೇ ನನ್ನನ್ನು ಇವತ್ತಿಗೂ ಕಾಡುವುದು. ಮೀಟರನ್ನು ಎರಡು ಸಲ ನೋಡಿದವಳು, ಕಂಬವನ್ನು ಎರಡು ಸಲ ಅಳೆದವಳು, ನನ್ನನ್ನು ಒಂದೇ ಸಲ ಕೇಳಿದಳು.

ಮಳೆಗಾಲಕ್ಕೆ ಮುಂಚೆ ಸಭೆ ಕರೆದರು. ಸಹಕಾರ ಸಂಘದ ಸಭಾಂಗಣದಲ್ಲಿ. ಇಲಾಖೆಯ ದೊಡ್ಡ ಇಂಜಿನಿಯರು ಮಧ್ಯದಲ್ಲಿ, ಪಕ್ಕದಲ್ಲಿ ಕಂಪನಿಯ ಮೇಲಿನವರು, ತುದಿಯ ಕುರ್ಚಿಯಲ್ಲಿ ಉಮ. ಮುಂದಿನ ಸಾಲಿನಲ್ಲಿ ಪರಮೇಶಣ್ಣನಂಥ ತೋಟದವರು. ಹಟ್ಟಿಯವರು ಬಾಗಿಲ ಹತ್ತಿರ, ಕಂಬಳಿ ಹೆಗಲ ಮೇಲೆ. ನಾನು ಹಿಂದಿನ ಗೋಡೆಗೆ ಒರಗಿ ನಿಂತಿದ್ದೆ. ಮೇಲಿನವರು ವರದಿ ಓದಿದರು: ಲೈನು ಸಾಕಾಗುತ್ತದೆ, ಕೆಲವು ಕಡೆ ತಂತಿ ಬದಲಾಯಿಸಿದರೆ ಮುಗಿಯಿತು, ಸಬ್‌ಸ್ಟೇಷನ್ ಅಗತ್ಯವಿಲ್ಲ, ಇದನ್ನು ಕಂಪ್ಯೂಟರಿನಿಂದ ಪರೀಕ್ಷಿಸಲಾಗಿದೆ.

ಚಿತ್ತಯ್ಯ ಎದ್ದ. "ಸೋಮಿ, ನಿಮ್ ಡಬ್ಬ ಐತೆ ಅಂತದೆ, ನಮ್ ದೀಪ ಇಲ್ಲ ಅಂತದೆ. ಯಾವುದ್ನ ನಂಬನಾ? ಒಂದಿನ ಆ ಡಬ್ಬಾನೇ ನಮ್ಮ ಹಟ್ಟಿಗೆ ತಂದು ಹಚ್ಚಿ ನೋಡಿ, ಅದೂ ಸುಟ್ಟೋದ್ರೆ ಗಂಗಕ್ಕ ಅವ್ಳೆ ಸುತ್ತಿಕೊಡಾಕೆ."

ಎಲ್ಲರೂ ನಕ್ಕರು. ಉಮ ನಗಲಿಲ್ಲ. ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತಳು. ಮೇಲಿನವರು ಕೂತ್ಕೋ ಎಂದು ಕೈಸನ್ನೆ ಮಾಡುತ್ತಿದ್ದರೂ ನೋಡದವಳಂತೆ ಹೇಳಿದಳು.

"ಇದರೊಳಗಿನ ಅಂಕಿ ನಾನು ತುಂಬಿಸಿದ್ದು. ಇವರ ದೀಪ ಸುಳ್ಳು ಹೇಳ್ತಿಲ್ಲ, ನಾನೇ ಹೋಗಿ ನೋಡಿದೀನಿ. ಲೆಕ್ಕ ತಪ್ಪಿಲ್ಲ, ಅಂಕಿ ಎಲ್ಲೋ ತಪ್ಪಿದೆ. ಎಲ್ಲಿ ಅಂತ ನಂಗೆ ಗೊತ್ತಿಲ್ಲ. ಗೊತ್ತಾಗೋವರೆಗೂ ಈ ವರದಿಗೆ ನಾನು ಸಹಿ ಹಾಕಲ್ಲ."

ಅಂಕಿ ಎಲ್ಲಿ ತಪ್ಪಿದೆ ಎಂದು ಅಲ್ಲಿದ್ದ ಅರ್ಧ ಜನಕ್ಕೆ ಗೊತ್ತಿತ್ತು. ಮುಂದಿನ ಸಾಲಿನವರು ತಮ್ಮ ಟವೆಲಿನ ಅಂಚು ನೋಡಿಕೊಳ್ಳುತ್ತಿದ್ದರು. ದೊಡ್ಡ ಇಂಜಿನಿಯರು, ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದರು. ನನ್ನ ನಾಲಿಗೆಯ ತುದಿಗೆ ಬಂದಿತ್ತು. ಪರಮೇಶಣ್ಣ ಹಿಂದಕ್ಕೆ ತಿರುಗಿ ನನ್ನನ್ನು ಒಮ್ಮೆ ನೋಡಿದ. ಬೆದರಿಸಿದ ನೋಟವಲ್ಲ. ನಂಬಿದ ನೋಟ. ನಾನು ಗೋಡೆಗೆ ಇನ್ನಷ್ಟು ಒರಗಿದೆ.

ಮೇಲಿನವರು ಆ ಸಂಜೆಯೇ ಉಮಳನ್ನು ಕೆಲಸದಿಂದ ತೆಗೆದರು. ವರದಿಗೆ ಬೇರೆ ಯಾರೋ ಸಹಿ ಹಾಕಿದರು. ಅವಳು ಕಂಪ್ಯೂಟರ್ ಕಟ್ಟಿಟ್ಟು, ವಾರದ ಕೊನೆಗೆ ಬರುವ ಕಂಪನಿಯ ವ್ಯಾನಿಗೆ ಬೀಗದ ತುಂಡಿನ ಸಮೇತ ಒಪ್ಪಿಸಿ ಹೋಗಬೇಕಿತ್ತು. ತೋಟದವರು ಬಂದು ಬಂದು, ಹೆಣ್ಣುಮಗಳಿಗೆ ಅಷ್ಟು ಬಿರುಸು ಯಾಕೆ ಬೇಕಿತ್ತು ಎಂದು ಅಪ್ಪನಿಗೆ ಬುದ್ಧಿ ಹೇಳಿ ಹೋಗುತ್ತಿದ್ದರು. ಅವಳು ಅಳಲಿಲ್ಲ. ಊಟಕ್ಕೆ ಬಂದು, ಉಂಡು, ಮತ್ತೆ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತಿದ್ದಳು.

ವ್ಯಾನು ಬರುವ ಹಿಂದಿನ ದಿನ ಮೊದಲ ಮಳೆ ಬಿತ್ತು. ಗಾಳಿಗೆ ಒಣ ಗರಿಗಳು ರಸ್ತೆಯ ತುಂಬ ಬಿದ್ದವು. ಮಳೆ ನಿಲ್ಲುತ್ತಿದ್ದಂತೆ ಚಿತ್ತಯ್ಯ ತನ್ನ ಮೋಟಾರನ್ನು ಸೈಕಲಿನ ಹಿಂದೆ ಕಟ್ಟಿಕೊಂಡು ಬಂದ. ಮತ್ತೆ ಸುಟ್ಟಿತ್ತು. ಬಿಚ್ಚಲು ಕೂತೆ. ಕೆಸರು ಮೆತ್ತಿದ ಪ್ಲೇಟನ್ನು ಒರೆಸಿದೆ. ಮೂರು ಎಂದಿತ್ತು.

ಚಿತ್ತಯ್ಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಎಲೆ ಹಾಕಿಕೊಳ್ಳುತ್ತಾ ಉಮಳ ವಿಷಯ ತೆಗೆದ. ಇಷ್ಟು ವರ್ಷದಲ್ಲಿ ಕುರ್ಚಿಯ ಮೇಲೆ ಕೂತವರೊಬ್ಬರು ಹಟ್ಟಿಯವರ ಮಾತು ನಿಜವೆಂದು ಎದ್ದು ನಿಂತು ಹೇಳಿದ್ದು ಅದೇ ಮೊದಲಂತೆ. ಅವಳ ಕೆಲಸ ಹೋದದ್ದು ಕೇಳಿ ಹಟ್ಟಿಯ ಹೆಂಗಸರು ಮರುಗಿದರಂತೆ. ಆಮೇಲೆ ಕೇಳಿದ, "ಅಲ್ಲ ಕಣಕ್ಕ, ಅಷ್ಟು ಓದಿರೋ ಮಗೀಗೆ ಲೆಕ್ಕ ಎಲ್ಲಿ ತಪ್ತು?"

"ನನ್ನ ಹತ್ರ," ಎಂದೆ.

ಬಾಯಿಂದ ಬಂದದ್ದು ನನಗೇ ಕೇಳಿಸಿತು. ಅಪ್ಪ ಬೆಂಚಿನಿಂದ ಎದ್ದರು. ನಾನು ನಿಲ್ಲಿಸಲಿಲ್ಲ. ಯಾವ ತೋಟ, ಯಾರ ಮೋಟಾರು ಎಂದು ಹೇಳಲಿಲ್ಲ. ಪ್ಲೇಟುಗಳು ಸುಳ್ಳು, ಹೊಡೆದವಳು ನಾನು, ಓದಿ ಹೇಳಿದವಳೂ ನಾನು ಎಂದು ಹೇಳಿದೆ. ಚಿತ್ತಯ್ಯ ಎಲೆ ಅಗಿಯುವುದನ್ನು ನಿಲ್ಲಿಸಿದ. ತನ್ನ ಮೋಟಾರಿನ ಪ್ಲೇಟಿನ ಮೇಲೆ ಬೆರಳಾಡಿಸಿದ.

"ಹಂಗಾರೆ ಆ ಲೈನಿಗೆಲ್ಲ ನಂದೊಂದೇ ನಿಜದ ಪ್ಲೇಟು," ಎಂದ. "ನಿಜ ಇಟ್ಕೊಂಡಿದ್ಕೆ ನಾನು ಸುಟ್ಕೋತಾ ಇದ್ದೆ, ಸುಟ್ಟಿದ್ದನ್ನ ನೀನು ಸುತ್ತಿಕೊಡ್ತಾ ಇದ್ದೆ."

ಅವನು ಎದ್ದು ಕಂಬಳಿ ಕೊಡವಿದ. "ಇದ್ನ ಆಮ್ಯಾಲೆ ಕಟ್ಟು. ಮೊದ್ಲು ಹೋಗಿ ಆ ಮಗೀಗೆ ಹೇಳು."

ಅಪ್ಪ ಬಾಗಿಲಿಗೆ ಅಡ್ಡ ನಿಂತರು. ಅಂಗಡಿಯ ಗುಟ್ಟು ಹೊಸ್ತಿಲು ದಾಟಿದರೆ ನಾಳೆಯಿಂದ ಒಬ್ಬ ಗಿರಾಕಿಯೂ ಬರುವುದಿಲ್ಲ, ನಿನ್ನ ತಂಗಿಗೆ ಇನ್ನೊಂದು ಕೆಲಸ ಸಿಗುತ್ತದೆ, ನಮಗೆ ಇನ್ನೊಂದು ಅಂಗಡಿ ಸಿಗುವುದಿಲ್ಲ ಎಂದರು. ಏಳನೇ ಕ್ಲಾಸಿನಿಂದ ಅವರ ಮಾತನ್ನು ನಾನು ಮೀರಿರಲಿಲ್ಲ. ಶಾಲೆ ಬಿಡು ಎಂದಾಗಲೂ ಮೀರಿರಲಿಲ್ಲ.

"ಗಿರಾಕಿ ಗುಟ್ಟು ಕಾಯ್ತೀನಿ ಅಪ್ಪಾಜಿ. ನನ್ನ ಗುಟ್ಟು ಕಾಯಲ್ಲ. ದಾರಿ ಬುಡಿ," ಎಂದೆ. ಅವರ ಕೈ ಹಿಡಿದು ಪಕ್ಕಕ್ಕೆ ಸರಿಸಿ ಹೊರಟೆ. ಆ ನಡುಗುವ ಕೈ ನನ್ನ ಕೈಯೊಳಗೆ ಇನ್ನೂ ಇದೆ ಎನಿಸುತ್ತದೆ.

ಉಮ ಕಂಪ್ಯೂಟರಿನ ಗವಸಿಗೆ ದಾರ ಕಟ್ಟುತ್ತಿದ್ದಳು. ನಾನು ನಿಂತೇ ಹೇಳಿದೆ. ಕೂತರೆ ಹೇಳಲಾಗುವುದಿಲ್ಲ ಎನಿಸಿತ್ತು. ಅವಳು ದಾರ ಕೈಯಲ್ಲಿ ಹಿಡಿದೇ ಕೇಳಿಸಿಕೊಂಡಳು.

"ಯಾಕೆ?" ಎಂದಳು.

ನೀನು ಆಫೀಸಿನ ಕಡೆಯವಳಾಗಿದ್ದೀಯ ಅಂದುಕೊಂಡೆ ಎಂದೆ. ಪ್ಲೇಟು ನಿಜ ಹೇಳಿದರೆ ಪರಮೇಶಣ್ಣನ ಹೆಸರು, ಅವರ ಹೆಸರು, ಇವರ ಹೆಸರು ಎಲ್ಲ ಆ ಡಬ್ಬದೊಳಗೆ ಹೋಗುತ್ತದೆ, ನಾಳೆ ಜೀಪು ಬರುತ್ತದೆ ಎಂದೆ.

ಅವಳು ನಗಲು ಹೊರಟಳು, ನಗಲಿಲ್ಲ. "ಇದಕ್ಕೆ ಹೆಸರು ಬೇಕಾಗೇ ಇರಲಿಲ್ಲ ಕಣಕ್ಕ. ಈ ಟಿಸಿ ಮೇಲೆ ಒಟ್ಟು ಎಷ್ಟು, ಅಷ್ಟೇ. ಯಾರ್ದು ಅಂತ ಬರೆಯೋಕೆ ಇದರೊಳಗೆ ಜಾಗಾನೇ ಇಲ್ಲ. ಒಂದು ಮಾತು ಕೇಳಿದ್ರೆ ಹೇಳ್ತಿರಲಿಲ್ವಾ?"

ನಾನು ಕೇಳಿರಲಿಲ್ಲ. ಲೈನುದ್ದಕ್ಕೂ ಅವಳ ಜೊತೆ ನಡೆದೆ. ಅವಳು ಏನು ಬರೆದುಕೊಳ್ಳುತ್ತಿದ್ದಾಳೆ, ಅದು ಎಲ್ಲಿಗೆ ಹೋಗುತ್ತದೆ ಎಂದು ಒಂದು ಸಲವೂ ಕೇಳಲಿಲ್ಲ. ಎಣಿಸುವವರು ಎಂದರೆ ಹಿಡಿಯುವವರು ಎಂದೇ ನಮ್ಮ ಕಡೆ ಹುಟ್ಟಿದಾಗಿನಿಂದ ತಿಳಿದಿರುತ್ತೇವೆ. ಯಾರಿಗೂ ತೊಂದರೆ ಮಾಡದೆ ನಿಜ ಹೇಳುವ ದಾರಿ ಇತ್ತು. ನಾನು ತಂಗಿಯನ್ನು ನಂಬಿದ್ದರೆ ಸಾಕಿತ್ತು.

"ನನ್ನನ್ನ ಕ್ಷಮಿಸು ಉಮ," ಎಂದೆ.

"ಇಲ್ಲ," ಎಂದಳು. ಗವಸು ಬಿಚ್ಚಿದಳು. ಬ್ಯಾಗಿನಿಂದ ಬೀಗದ ತುಂಡು ತೆಗೆದು ಹಿಂದೆ ಚುಚ್ಚಿದಳು. "ಕೂತ್ಕೋ. ಮೊದಲನೇ ಟಿಸಿಯಿಂದ ಹೇಳು. ಮೋಟಾರಿಗೆ ನಿಜ ಎಷ್ಟು?"

ನಾನು ಹೇಳುತ್ತಾ ಹೋದೆ. ನನ್ನ ಕೈಯಿಂದ ತಂತಿ ಸುತ್ತಿಸಿಕೊಂಡ ಮೋಟಾರು ನನಗೆ ಮರೆಯುವುದಿಲ್ಲ. ನಾನು ಸುತ್ತದೇ ಇದ್ದ ಕಡೆ ಗೊತ್ತಿಲ್ಲ ಎಂದೆ. ಗೊತ್ತಿಲ್ಲ ಎಂದಾಗ ಮಾತ್ರ ಅವಳು ನನ್ನ ಕಡೆ ತಿರುಗಿ ನೋಡುತ್ತಿದ್ದಳು. ನಡುವೆ ಕರೆಂಟು ಹೋಯಿತು. ಕಾದೆವು. ಮತ್ತೆ ಬಂದಾಗ ಉಳಿದದ್ದು ತುಂಬಿಸಿ ಗುಂಡಿ ಒತ್ತಿದಳು. ಪರದೆಯ ಕೊನೆಯ ಚುಕ್ಕೆಯ ಪಕ್ಕ ಅಂಕಿ ಬಂತು. ಹಟ್ಟಿಯಲ್ಲಿ ಮೀಟರು ತೋರಿಸಿದ್ದಕ್ಕೆ ಕೂದಲೆಳೆಯಷ್ಟೇ ವ್ಯತ್ಯಾಸ. ಉಮ ಮೇಜಿಗೆ ಹಣೆ ಒತ್ತಿಕೊಂಡಳು. ನನಗೆ ಅವಳ ಬೆನ್ನು ಮುಟ್ಟುವ ಆಸೆಯಾಯಿತು. ಮುಟ್ಟಲಿಲ್ಲ.

ಮರುದಿನ ಬೆಳಿಗ್ಗೆ, ವ್ಯಾನು ಬರುವ ಮುಂಚೆ, ಪ್ರಿಂಟು ತೆಗೆದುಕೊಂಡು ದೊಡ್ಡ ಇಂಜಿನಿಯರ ಕಚೇರಿಗೆ ಹೋದೆವು. ಚಿತ್ತಯ್ಯನೂ ಬಂದ. ಯಾರೂ ಕರೆದಿರಲಿಲ್ಲ. ಇಂಜಿನಿಯರು ಕಾಗದ ನೋಡದೆಯೇ, ವರದಿ ಒಪ್ಪಿಯಾಗಿದೆ, ನೀವೀಗ ಕಂಪನಿಯಲ್ಲೂ ಇಲ್ಲ ಎಂದರು. ಉಮ ಪ್ಲೇಟಿನ ಸಂಗತಿ ಹೇಳಿದಳು. ಅವರು ಕನ್ನಡಕ ತೆಗೆದರು.

"ಯಾರು ಹೊಡೆದಿದ್ದು?"

"ನಾನು," ಎಂದೆ.

ಇದಕ್ಕೆ ನಿಮ್ಮ ಅಂಗಡಿಯನ್ನು ಮುಚ್ಚಿಸಬಹುದು, ಕೇಸು ಹಾಕಬಹುದು ಎಂದರು. ಹಾಕಿ ಎಂದೆ. ಆಮೇಲೆ ಕಾಗದ ಪೆನ್ನು ಮುಂದಕ್ಕೆ ತಳ್ಳಿ, ಯಾರ್ಯಾರ ತೋಟ ಎಂದು ಬರೆಯಿರಿ, ಆಗ ನಿಮ್ಮನ್ನು ಬಿಟ್ಟುಬಿಡಬಹುದು ಎಂದರು. ನಾನು ಪೆನ್ನು ಮುಟ್ಟಲಿಲ್ಲ.

"ಎಷ್ಟು ಅಂತ ಹೇಳಿದೀನಿ ಸ್ವಾಮಿ. ಯಾರು ಅಂತ ಹೇಳಲ್ಲ. ನಿಮಗೆ ಸಬ್‌ಸ್ಟೇಷನ್ ಕಟ್ಟೋಕೆ ಎಷ್ಟು ಅಂತ ಸಾಕು. ಯಾರು ಅಂತ ಬೇಕಾಗಿರೋದು ಬೇರೆ ಕೆಲಸಕ್ಕೆ."

ಅವರಿಗೆ ಕೋಪ ಬಂತು. ನನ್ನನ್ನು ಬಿಟ್ಟು ಉಮಳ ಕಡೆ ತಿರುಗಿದರು. ಒಮ್ಮೆ ಸುಳ್ಳು ಹೇಳಿದವಳು ಎರಡನೇ ಸಲ ನಿಜ ಹೇಳುತ್ತಾಳೆಂದು ನೀವು ನಂಬುತ್ತೀರಾ ಎಂದು ಕೇಳಿದರು.

"ಇಲ್ಲ ಸರ್," ಎಂದಳು ಉಮ, ನನ್ನ ಕಡೆ ನೋಡದೆ. "ಅವಳನ್ನ ನಂಬಲ್ಲ. ಈ ಲೆಕ್ಕ ನಂಬ್ತೀನಿ. ನೀವೂ ನಂಬಬೇಡಿ. ತ್ರೀಫೇಸ್ ಇರೋವಾಗ ನಿಮ್ಮೋರನ್ನ ಕಳ್ಸಿ, ತೋಟಕ್ಕೆ ಹೋಗೋದು ಬೇಡ, ಟಿಸಿ ಹತ್ರ ಮಾತ್ರ ಅಳೀಲಿ. ತಾಳೆ ಆಗ್ಲಿಲ್ಲ ಅಂದ್ರೆ ಇದನ್ನ ಹರಿದು ಬಿಸಾಕಿ."

ಕಾಗದವನ್ನು ಅವರ ಮೇಜಿನ ಮೇಲಿಟ್ಟು ಹೊರಬಂದೆವು. ವ್ಯಾನಿನವರು ಕೋಣೆಯ ಮುಂದೆ ಕಾಯುತ್ತಿದ್ದರು. ಉಮ ಎಲ್ಲವನ್ನೂ ಒಪ್ಪಿಸಿದಳು.

ದೊಡ್ಡ ಇಂಜಿನಿಯರು ಜನ ಕಳಿಸಿದರು. ಟಿಸಿ ಹತ್ತಿರ ಅಳೆದರು. ತಾಳೆಯಾಯಿತು. ಅಷ್ಟು ನ್ಯಾಯ ಆ ಮನುಷ್ಯನಲ್ಲಿತ್ತು ಎಂದು ಬರೆಯಲೇಬೇಕು. ಆದರೆ ಆ ವರ್ಷದ ಸಬ್‌ಸ್ಟೇಷನ್ ಅಷ್ಟರಲ್ಲಿ ಬೇರೆ ಕಡೆಗೆ ಹೋಗಿಯಾಗಿತ್ತು. ಹಟ್ಟಿಯ ಕಡೆಗೆ ಬರಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಷ್ಟರೊಳಗೆ ಚಿತ್ತಯ್ಯನ ಸಸಿಗಳಲ್ಲಿ ಉಳಿದವು ಅರ್ಧಕ್ಕಿಂತ ಕಡಿಮೆ. ಉಳಿಯದೆ ಹೋದವು ನನ್ನ ಲೆಕ್ಕಕ್ಕೆ ಸೇರಿದವು. ಕೇಸು ಹಾಕಲಿಲ್ಲ. ಪರಮೇಶಣ್ಣ ಬೇರೆ ಅಂಗಡಿಗೆ ಹೋದ, ಇನ್ನೂ ಕೆಲವರು ಹೋದರು. ಕೆಲವರು ತಿರುಗಿ ಬಂದು ಸುಳ್ಳು ಪ್ಲೇಟು ಕೇಳಿದರು. ಮೋಟಾರು ಎಷ್ಟು ದೊಡ್ಡದು ಬೇಕಾದರೂ ಕಟ್ಟಿಕೊಡುತ್ತೇನೆ, ಅದರ ಮೇಲೆ ನಿಜವಾದ ಅಂಕಿಯನ್ನೇ ಹೊಡೆಯುತ್ತೇನೆ, ಇಲಾಖೆಯವರು ಬಂದರೆ ನಾನೂ ನಿಮ್ಮ ಜೊತೆ ನಿಂತು ಜಗಳ ಆಡುತ್ತೇನೆ ಎಂದೆ. ಕೆಲವು ಸಲ ಆಡಿದ್ದೂ ಇದೆ. ಅಪ್ಪ ಸಾಯುವವರೆಗೂ ಅದನ್ನು ಒಪ್ಪಲಿಲ್ಲ.

ಉಮ ಬೇರೆ ಕಂಪನಿ ಸೇರಿದಳು. ಈಗ ಎಲ್ಲೆಲ್ಲಿಯದೋ ಲೈನುಗಳ ಲೆಕ್ಕ ಹಾಕುತ್ತಾಳೆ. ಹಬ್ಬಕ್ಕೆ ಮನೆಗೆ ಬರುತ್ತಾಳೆ, ನನ್ನ ಮಕ್ಕಳನ್ನು ಎತ್ತಿ ಆಡಿಸಿದ್ದಾಳೆ, ನನಗೆ ಕಾಯಿಲೆಯಾದಾಗ ಆಸ್ಪತ್ರೆಯಲ್ಲಿ ಕೂತಿದ್ದಾಳೆ. ಆದರೆ ನಾನು ಹೇಳಿದ ಯಾವ ಮಾತನ್ನೂ ಒಂದೇ ಸಲಕ್ಕೆ ತೆಗೆದುಕೊಳ್ಳುವುದಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದು ನನ್ನನ್ನು ಕೇಳಿ, ಆಮೇಲೆ ಬೀದಿಯಲ್ಲಿ ಇನ್ನೊಬ್ಬರನ್ನು ಕೇಳುತ್ತಾಳೆ. ಸಾರಿಗೆ ಉಪ್ಪು ಹಾಕಿದ್ದೇನೆ ಎಂದರೂ ಸೌಟಿನಿಂದ ಅಂಗೈಗೆ ಬಿಟ್ಟುಕೊಂಡು ರುಚಿ ನೋಡುತ್ತಾಳೆ.

ನೋಡಲಿ. ನಾನು ಹಾಕಿಯೇ ಇರುತ್ತೇನೆ.